ಮಡಿಕೇರಿ ಪೇಟೆ, ತೋಟದ ದಾರಿ: ಕಾರಿನ ತಳ ಉಳಿಸಿಕೊಳ್ಳುವುದು ಹೇಗೆ?

ಕಡಗದಾಳು ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ನನ್ನದು ಪೆಟ್ರೋಲ್ ಸ್ವಿಫ್ಟ್. ಕಡಗದಾಳಿನಿಂದ ಮಡಿಕೇರಿಗೆ ದಿನಾ ಕೆಲಸಕ್ಕೆ ಓಡಾಟ. ಮನೆಯಿಂದ ಡಾಂಬರು ರಸ್ತೆ ಸಿಗುವವರೆಗೆ ತೋಟದ ಮಣ್ಣುದಾರಿ. ಪಿಕಪ್ಪು, ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಕೊರಕಲು ಬಿದ್ದಿದೆ, ನಡುವೆ ದಿಬ್ಬ ಉಳಿದಿದೆ. ಪೇಟೆಯೊಳಗೆ ಬಂದರೂ ನೆಮ್ಮದಿ ಇಲ್ಲ. ಪೈಪಿಗೆ ಅಗೆದು ಮುಚ್ಚಿದ ಜಾಗ ಕುಸಿದಿರುತ್ತದೆ. ಏರಿನ ಓಣಿಗಳು ದೊಡ್ಡ ರಸ್ತೆಗೆ ಸೇರುವಲ್ಲಿ ಚರಂಡಿ ಮೇಲಿನ ಕಾಂಕ್ರೀಟ್ ಎದ್ದು ನಿಂತಿರುತ್ತದೆ. ಒಬ್ಬನೇ ಇದ್ದರೆ ಹೇಗೋ ದಾಟುತ್ತದೆ. ಮನೆಯವರೆಲ್ಲ ಕೂತರೆ ಎಲ್ಲೋ ಒಂದು ಕಡೆ ತಳ ತಾಗಿಯೇ ತಾಗುತ್ತದೆ.

ಈಗ ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಹರಿದು ನೇತಾಡುತ್ತಿದೆ. ಅದನ್ನು ಕಿತ್ತುಹಾಕಿ ಕಬ್ಬಿಣದ ಗಾರ್ಡ್ ಹಾಕಿಸಿ ಎಂದು ಒಬ್ಬರು ಹೇಳುತ್ತಾರೆ. ಸ್ಪ್ರಿಂಗ್‌ಗೆ ಸ್ಪೇಸರ್ ಹಾಕಿ ಗಾಡಿ ಎತ್ತರ ಮಾಡಿ ಎಂದು ಇನ್ನೊಬ್ಬರು. ತಳಕ್ಕೆ ಲೇಪ ಹೊಡೆಸುವ ಅಂಡರ್‌ಕೋಟಿಂಗ್ ಮಾಡಿಸಿದರೆ ಸಾಕು ಎನ್ನುವವರೂ ಇದ್ದಾರೆ. ಮಳೆ ಹಿಡಿಯುವ ಮೊದಲು ಏನಾದರೂ ಮಾಡಲೇಬೇಕು. ಯಾವುದಕ್ಕೆ ಮೊದಲು ದುಡ್ಡು ಹಾಕಲಿ?

ಸುಂಟಿಕೊಪ್ಪ ವರ್ಕ್‌ಶಾಪ್

ಸರ್, ದುಡ್ಡಿನ ಮಾತು ಆಮೇಲೆ. ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ನೀವೇ ಕೆಳಗೆ ನಿಂತು ನೋಡಿ. ಟಾರ್ಚ್ ಹಿಡಿದುಕೊಳ್ಳಿ. ನಾನು ಇದೇ ಕೆಲಸದಲ್ಲಿ ಇರುವವನು. ತಳ ತಾಗುತ್ತದೆ ಎಂದು ಬರುವ ಗಾಡಿಗಳಲ್ಲಿ ತಾಗುವ ಜಾಗ ಒಂದೇ ಇರುವುದಿಲ್ಲ. ಕೆಲವಕ್ಕೆ ಮುಂದಿನ ಬಂಪರಿನ ಕೆಳಗಿನ ಅಂಚು, ಕೆಲವಕ್ಕೆ ಸೈಲೆನ್ಸರ್ ಪೈಪಿನ ಬೆಂಡು, ಕೆಲವಕ್ಕೆ ಸೀದಾ ಚೇಂಬರ್. ಗೀರು ಎಲ್ಲಿದೆ ನೋಡಿದರೆ ತಿಳಿಯುತ್ತದೆ. ಸೈಲೆನ್ಸರ್ ತಾಗುವ ಗಾಡಿಗೆ ಎಂಜಿನ್ ಗಾರ್ಡ್ ಹಾಕಿಸಿ ಏನು ಪ್ರಯೋಜನ?

ಚೇಂಬರ್ ಸರಿಯಾಗಿ ನೋಡಿ. ಎಂಜಿನ್ ಆಯಿಲ್ ಪೂರ್ತಿ ನಿಲ್ಲುವುದು ಅದರಲ್ಲೇ. ತಗಡಿನದಾದರೆ ಏಟು ಬಿದ್ದಾಗ ನೆಗ್ಗುತ್ತದೆ. ಅಲ್ಯೂಮಿನಿಯಂ ಎರಕದ್ದಾದರೆ ಬಿರುಕು ಬಿಡುತ್ತದೆ. ನೆಗ್ಗಿದ್ದನ್ನು ‘ಸೋರುತ್ತಿಲ್ಲವಲ್ಲ’ ಎಂದು ಬಿಟ್ಟುಬಿಡುವವರು ಜಾಸ್ತಿ. ಚೇಂಬರಿನ ತಳಕ್ಕಿಂತ ಸ್ವಲ್ಪವೇ ಮೇಲೆ ಆಯಿಲ್ ಎಳೆಯುವ ಜಾಲರಿ ಇರುತ್ತದೆ. ನೆಗ್ಗು ಒಳಗೆ ಬಂದು ಆ ಜಾಲರಿಗೆ ಒತ್ತಿಕೊಂಡರೆ ಪಂಪಿಗೆ ಆಯಿಲ್ ಸಾಲದು. ಹೊರಗೆ ಒಂದು ಹನಿ ಸೋರದೆಯೇ ಎಂಜಿನ್ ಒಳಗೆ ಸವೆಯುತ್ತಾ ಹೋಗುತ್ತದೆ. ಆಳವಾಗಿ ನೆಗ್ಗಿದ್ದರೆ ಚೇಂಬರ್ ಬಿಚ್ಚಿಸಿ ನೋಡುವುದೇ ಸರಿ.

ಆಮೇಲೆ ರಬ್ಬರ್ ಸಾಮಾನು. ನಮ್ಮ ಕಡೆ ಗಾಡಿಗಳಲ್ಲಿ ಚೇಂಬರ್ ಒಡೆದದ್ದಕ್ಕಿಂತ ಇವು ಹೋದದ್ದೇ ಜಾಸ್ತಿ. ಆಕ್ಸಲ್ ಬೂಟ್ ಎಂದರೆ ಚಕ್ರದ ಒಳಗಡೆ ಮಡಿಕೆ ಮಡಿಕೆಯಾಗಿ ಕಾಣುವ ಕಪ್ಪು ರಬ್ಬರ್. ಒಂದು ಕಲ್ಲೋ ಕಡ್ಡಿಯೋ ಚುಚ್ಚಿ ಅದು ಹರಿಯಿತು ಎಂದರೆ ಒಳಗಿನ ಗ್ರೀಸ್ ಹೊರಗೆ ಚಿಮ್ಮಿ, ಚಕ್ರದ ಒಳಮೈಗೆ ಕಪ್ಪಗೆ ಅಂಟಿರುತ್ತದೆ. ಆ ಗುರುತು ಕಂಡ ಕೂಡಲೇ ಬೂಟ್ ಬದಲಿಸಿದರೆ ಸಣ್ಣ ಖರ್ಚು. ಬಿಟ್ಟರೆ ಕೆಸರು ಒಳಗೆ ಸೇರಿ ಜಾಯಿಂಟ್ ತಿಂದುಹಾಕುತ್ತದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಹೊರಟಾಗ ‘ಕಟ ಕಟ’ ಎನ್ನುವುದು ಆಗ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್, ಟೈ ರಾಡ್ ಎಂಡ್, ಇವುಗಳ ಆಟ ಎಷ್ಟಿದೆ ಎಂದು ಲಿವರ್ ಹಾಕಿ ನೋಡಿಸಿ. ಇವಕ್ಕೆಲ್ಲ ಯಾವ ಗಾರ್ಡೂ ರಕ್ಷಣೆ ಕೊಡುವುದಿಲ್ಲ. ಗುಂಡಿಗೆ ಚಕ್ರ ಬಿದ್ದ ಏಟು ಸೀದಾ ಇವಕ್ಕೇ ಹೋಗುತ್ತದೆ.

ಪ್ಲಾಸ್ಟಿಕ್ ಕವರ್ ಕಿತ್ತು ಬಿಸಾಕಬೇಡಿ. ಕಲ್ಲಿನೇಟು ಅದು ತಡೆಯುವುದಿಲ್ಲ, ನಿಜ. ಆದರೆ ಕೆಸರು, ನೀರು ಬೆಲ್ಟು ಪುಲ್ಲಿಗೆ ಹಾರದಂತೆ ನೋಡಿಕೊಳ್ಳುವುದು ಅದೇ. ಹರಿಯುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೆರಡು ಕ್ಲಿಪ್ ಇಲ್ಲದಿರುವುದು. ಕ್ಲಿಪ್ ಇಲ್ಲದ ಮೂಲೆ ಜೋತುಬಿದ್ದು ಕಲ್ಲಿಗೆ ಸಿಕ್ಕಿ ಪೂರ್ತಿ ಕಿತ್ತು ಬರುತ್ತದೆ. ಪ್ರತಿ ಸರ್ವಿಸ್ ಆದ ಮೇಲೆ ಎಲ್ಲ ಕ್ಲಿಪ್ ಇದೆಯೇ ಎಂದು ಬಗ್ಗಿ ನೋಡಿಕೊಂಡೇ ಗಾಡಿ ತೆಗೆಯಿರಿ.

ಅಮ್ಮತ್ತಿ ತೋಟ

ಮೇಲಿನ ಅಣ್ಣ ಹೇಳಿದ್ದು ಪೂರ್ತಿ ಸರಿ. ನಾನು ಓಡಿಸುವ ರೀತಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಗಾರ್ಡಿಗಿಂತ ಮೊದಲು ಇದು ಬೇಕು.

ತೋಟದ ದಾರಿಯಲ್ಲಿ ಎರಡು ಕೊರಕಲಿನೊಳಗೆ ಎರಡೂ ಚಕ್ರ ಇಳಿಸಿದರೆ ನಡುವಿನ ದಿಬ್ಬ ಹೊಟ್ಟೆಗೆ ತಾಗದೆ ಇರುವುದಿಲ್ಲ. ಪಿಕಪ್ಪಿನ ಚಕ್ರ ದೊಡ್ಡದು, ಅದು ಕೊರೆದ ದಾರಿ ಅದಕ್ಕೇ ಸರಿ. ಕಾರಿನಲ್ಲಿ ಹೋಗುವವರು ಒಂದು ಚಕ್ರವನ್ನು ನಡುವಿನ ದಿಬ್ಬದ ಮೇಲೆ, ಇನ್ನೊಂದನ್ನು ದಾರಿಯ ಹೊರ ಅಂಚಿನ ಮೇಲೆ ಇಟ್ಟು ಹೋಗಬೇಕು. ಹೊರ ಅಂಚು ಗಟ್ಟಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಮಳೆಗಾಲದಲ್ಲಿ ಕೆಳಗೆ ಗದ್ದೆಯೋ ಇಳಿಜಾರೋ ಇದ್ದರೆ ಅಂಚಿಗೆ ಹೋಗುವುದೇ ಬೇಡ.

ದಾರಿ ನಡುವೆ ಒಂದು ಕಲ್ಲು ಎದ್ದಿದೆ ಎಂದುಕೊಳ್ಳಿ. ಹೊಸಬರು ಅದನ್ನು ಎರಡು ಚಕ್ರದ ನಡುವೆ ಬಿಟ್ಟು ದಾಟಲು ನೋಡುತ್ತಾರೆ. ಚೇಂಬರ್ ಒಡೆಯುವುದೇ ಹಾಗೆ. ಕಲ್ಲು ಭದ್ರವಾಗಿ ಕೂತಿದ್ದರೆ ಚಕ್ರವನ್ನೇ ಅದರ ಮೇಲೆ ನಿಧಾನ ಹತ್ತಿಸಿ. ಚಕ್ರ ಏರಿದಾಗ ಗಾಡಿಯೂ ಏರುತ್ತದೆ. ಅಲುಗಾಡುವ ಕಲ್ಲಾದರೆ ಇಳಿದು ಬದಿಗೆ ಸರಿಸಿ. ಸರಿಸಿದ ಕಲ್ಲು ಹಿಂದೆ ಬರುವ ಬೈಕಿನವರಿಗೆ ಅಡ್ಡ ಆಗದ ಹಾಗೆ ಇಡಿ.

ಬ್ರೇಕ್ ವಿಷಯ ಎಲ್ಲಕ್ಕಿಂತ ಮುಖ್ಯ. ಹಂಪಿನ ಮೇಲೆ ಅಥವಾ ಗುಂಡಿಯೊಳಗೆ ಚಕ್ರ ಹೋಗುವ ಹೊತ್ತಿಗೂ ಬ್ರೇಕ್ ಒತ್ತಿಕೊಂಡಿದ್ದರೆ ಗಾಡಿಯ ಮೂತಿ ತಗ್ಗಿರುತ್ತದೆ. ತಾಗುವುದಕ್ಕೆ ಅದೇ ಸಾಕು. ಮೊದಲೇ ವೇಗ ಇಳಿಸಿ, ಚಕ್ರ ಹಂಪಿಗೆ ಮುಟ್ಟುವ ಮುಂಚೆ ಬ್ರೇಕ್ ಬಿಡಿ. ಮೂತಿ ಮೇಲೆ ಬರುತ್ತದೆ, ಶಾಕ್ ಅಬ್ಸಾರ್ಬರಿಗೆ ಆಡಲು ಜಾಗ ಸಿಗುತ್ತದೆ.

ಕುಶಾಲನಗರ ಡಿಜೈರ್

ಅಣ್ಣ, ಹಂಪನ್ನು ಓರೆಯಾಗಿ ದಾಟಬೇಕು ಎನ್ನುತ್ತಾರಲ್ಲ, ಅದು ಸರಿಯಾ?

ಅಮ್ಮತ್ತಿ ತೋಟ

ಹೊಟ್ಟೆ ತಾಗುವ ಎತ್ತರದ ಹಂಪಿಗೆ ಮಾತ್ರ ಸರಿ. ಒಂದೊಂದೇ ಚಕ್ರ ಏರುವುದರಿಂದ ನಡುಭಾಗ ತಪ್ಪಿಸಿಕೊಳ್ಳುತ್ತದೆ. ನಡೆಯುವ ವೇಗದಲ್ಲಿ ಹೋಗಬೇಕು, ಎದುರಿನಿಂದ ಯಾರೂ ಬರುತ್ತಿರಬಾರದು. ಸಾಮಾನ್ಯ ಹಂಪಿಗೆ ನೇರವಾಗಿಯೇ ಹೋಗಿ. ಕಡಗದಾಳಿನವರು ಹೇಳಿದ ಚರಂಡಿ ಕಾಂಕ್ರೀಟ್ ಜಾಗಗಳಿಗೂ ಓರೆಯೇ ಒಳ್ಳೆಯದು, ಬಂಪರ್ ಅಂಚು ಉಳಿಯುತ್ತದೆ.

ಮಡಿಕೇರಿ ಹಳಬ

ಹಂಪಿನ ಮಾತು ಬಂದದ್ದಕ್ಕೆ ಒಂದು ವಿಷಯ. ಹಂಪಿಗೂ ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯಲ್ಲಿ ದುಂಡನೆಯ ಹಂಪಿಗೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಎಂದಿದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬೇಕು ಎನ್ನುವ ಲೆಕ್ಕ ಅದು. ಸ್ವಿಫ್ಟ್‌ಗೆ ಖಾಲಿ ಇದ್ದಾಗ 163 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ. ಐದು ಜನ, ಲಗೇಜ್ ತುಂಬಿದರೆ ಎರಡು ಮೂರು ಬೆರಳಷ್ಟು ಕೆಳಗೆ ಕೂರುತ್ತದೆ ಎಂದುಕೊಂಡರೂ ಅಳತೆಗೆ ಸರಿಯಾದ ಹಂಪಿನಲ್ಲಿ ನಿಧಾನಕ್ಕೆ ಹೋದರೆ ತಾಗಬಾರದು. ತಾಗಿತು ಎಂದರೆ ಹೆಚ್ಚಿನ ಕಡೆ ಹಂಪಿನ ಅಳತೆಯೇ ತಪ್ಪಿರುತ್ತದೆ. ಸ್ಕೇಲ್ ಪಕ್ಕದಲ್ಲಿ ಇಟ್ಟು ಫೋಟೋ ತೆಗೆದು, ಪೇಟೆಯೊಳಗಾದರೆ ನಗರಸಭೆಗೆ, ಹೊರಗಾದರೆ ಪಂಚಾಯಿತಿಗೋ ಲೋಕೋಪಯೋಗಿ ಇಲಾಖೆಗೋ ಬರೆದು ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಒಬ್ಬರು ಕೊಟ್ಟರೆ ಪಕ್ಕಕ್ಕೆ ಹೋಗಬಹುದು, ಆ ರಸ್ತೆಯ ಹತ್ತು ಮನೆಯವರು ಸೇರಿ ಕೊಟ್ಟರೆ ಬಂದು ನೋಡುತ್ತಾರೆ. ರಸ್ತೆ ಸರಿ ಮಾಡಿಸುವುದು ನಮ್ಮ ಹಕ್ಕು. ಎಲ್ಲ ಖರ್ಚನ್ನೂ ಗಾಡಿಯವನೇ ಯಾಕೆ ಹೊರಬೇಕು?

ಕುಶಾಲನಗರ ಡಿಜೈರ್

ಹಾಗಾದರೆ ಸ್ಪೇಸರ್ ಬಗ್ಗೆ ಯಾರಾದರೂ ಹೇಳಿ. ನಾನೂ ಹಾಕಿಸೋಣ ಎಂದು ನೋಡುತ್ತಿದ್ದೆ. ಟಯರ್ ದೊಡ್ಡದು ಮಾಡಿದರೆ ಹೇಗೆ?

ಸುಂಟಿಕೊಪ್ಪ ವರ್ಕ್‌ಶಾಪ್

ಸ್ಪೇಸರ್ ಬೇಡ ಎಂದೇ ನನ್ನ ಮಾತು. ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ತುರುಕಿದರೆ ಆ ಸುತ್ತು ಕೆಲಸ ಮಾಡುವುದಿಲ್ಲ, ಉಳಿದ ಸುತ್ತುಗಳ ಮೇಲೆ ಭಾರ ಜಾಸ್ತಿ. ಸ್ಟ್ರಟ್ ಮೇಲೆ ಹಾಕುವ ಬಗೆಯಲ್ಲಿ ಗಾಡಿ ಏರುತ್ತದೆ, ಆದರೆ ಆಕ್ಸಲ್ ಕೂರುವ ಕೋನ ಬದಲಾಗುತ್ತದೆ, ಬೂಟ್, ಜಾಯಿಂಟ್ ಬೇಗ ಹೋಗುತ್ತವೆ, ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಘಾಟಿ ತಿರುವುಗಳಲ್ಲಿ ಗಾಡಿ ವಾಲುವುದೂ ಜಾಸ್ತಿ. ಸಂಪಾಜೆ ಇಳಿಯುವವರಿಗೆ ಅದು ಬೇಕಾ?

ಟಯರ್ ಲೆಕ್ಕ ನೀವೇ ಮಾಡಿ ನೋಡಿ. 165/80 ಟಯರ್ ಎಂದರೆ ಅಗಲ 165 ಮಿ.ಮೀ., ಪಕ್ಕದ ಎತ್ತರ ಅದರ ಶೇ. 80, ಅಂದರೆ 132 ಮಿ.ಮೀ. 175/80 ಹಾಕಿದರೆ 140. ಗಾಡಿ ಏರುವುದು ಬರೀ 8 ಮಿ.ಮೀ. ಅಷ್ಟಕ್ಕೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಗಾಡಿ ವೇಗ ಹಿಡಿಯುವುದು ನಿಧಾನವಾಗುತ್ತದೆ, ಪೂರ್ತಿ ತಿರುಗಿಸಿದಾಗ ಒಳಗಿನ ಲೈನರಿಗೆ ತಾಗಲೂಬಹುದು.

ಗಾಡಿ ಮೊದಲು ತಾಗುತ್ತಿರಲಿಲ್ಲ, ಈಗ ತಾಗುತ್ತಿದೆ ಎನ್ನುವವರು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ನೋಡಿಸಿ. ಸ್ಪ್ರಿಂಗ್ ಕೂತಿದ್ದರೆ ಅಥವಾ ಶಾಕ್ ಅಬ್ಸಾರ್ಬರ್ ಆಯಿಲ್ ಬಿಟ್ಟಿದ್ದರೆ ಹಂಪು ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗುತ್ತದೆ. ಆ ಎರಡನೇ ತೂಗಿನಲ್ಲೇ ತಳ ಬಡಿಯುವುದು. ಎಡ ಬಲ ಎರಡೂ ಸೇರಿಸಿ ಕಂಪನಿ ಸಾಮಾನೇ ಹಾಕಿಸಿದರೆ ಕಳೆದುಹೋದ ಎತ್ತರ ವಾಪಸ್ ಬರುತ್ತದೆ.

ಗೋಣಿಕೊಪ್ಪ ಪಾಲಿಸಿ

ನಾನು ವಿಮೆ ಕೆಲಸ ಮಾಡುವವಳು. ಸ್ಪೇಸರ್ ವಿಷಯಕ್ಕೆ ಸೇರಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ನಾಳೆ ಕ್ಲೇಮ್ ಬಂದಾಗ ತಕರಾರಿಗೆ ನಾವೇ ದಾರಿ ಮಾಡಿಕೊಡುವುದು ಬೇಡ.

ಇನ್ನು ಚೇಂಬರ್. ಇದನ್ನು ದಯವಿಟ್ಟು ಎಲ್ಲರೂ ಗಮನಿಸಿ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಗಾಡಿಯ ತಳಕ್ಕೆ ಏನಾದರೂ ಒಂದು ಪೈಸೆ ಬರುವುದಿಲ್ಲ. ನಮ್ಮದೇ ಗಾಡಿಯ ಹಾನಿಗೆ ಕೊಡುವ ಓನ್ ಡ್ಯಾಮೇಜ್ ಇದ್ದರೆ ಕಲ್ಲು ಬಡಿದು ಒಡೆದ ಚೇಂಬರಿಗೆ ಸಿಗುತ್ತದೆ. ಆದರೆ ಒಡೆದ ಮೇಲೆ ಆಯಿಲ್ ಸೋರಿ ಎಂಜಿನ್ ಸೀಜ್ ಆದರೆ ಅದು ಬೇರೆ ಲೆಕ್ಕ. ಅದನ್ನು ಆಮೇಲಿನ ನಷ್ಟ ಎಂದು ನೋಡುತ್ತಾರೆ, ಸಾಮಾನ್ಯ ಪಾಲಿಸಿಯಲ್ಲಿ ಅದು ಬರುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎನ್ನುವ ಆಡ್‌ಆನ್ ಬೇಕು. ನೀರು ಎಂಜಿನ್ನಿಗೆ ನುಗ್ಗಿ ಹಾಳಾದರೂ ಇದೇ ಆಡ್‌ಆನ್. ಭಾಗಮಂಡಲ–ನಾಪೋಕ್ಲು ರಸ್ತೆ ಮೇಲೆ ನೀರು ಬರುವುದು ನಮಗೆಲ್ಲ ಗೊತ್ತೇ ಇದೆ, ಅಲ್ವಾ? ಕೊಡಗಿನಲ್ಲಿ ಗಾಡಿ ಇಟ್ಟವರು ಈ ಆಡ್‌ಆನ್ ಬಿಡಬೇಡಿ.

ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಶೇ. 50 ಸವಕಳಿ ಕಳೆದು ಕೊಡುತ್ತಾರೆ. ಬಂಪರ್, ತಳದ ಕವರ್, ಲೈನರ್ ಎಲ್ಲ ಇದರಲ್ಲೇ ಬರುತ್ತವೆ. ಜೀರೋ ಡೆಪ್ ಇದ್ದವರಿಗೆ ಈ ಕಡಿತ ಇಲ್ಲ. ಏಟು ಬಿದ್ದ ಜಾಗದಲ್ಲೇ ಕಲ್ಲಿನದ್ದು, ಸೋರಿದ ಆಯಿಲಿನದ್ದು, ನಂಬರ್ ಪ್ಲೇಟ್ ಕಾಣುವ ಹಾಗೆ ಗಾಡಿಯದ್ದು ಫೋಟೋ ತೆಗೆದಿಟ್ಟುಕೊಳ್ಳಿ. ಕಂಪನಿಗೆ ತಿಳಿಸದೆ ಬಿಚ್ಚಿಸಬೇಡಿ.

ಸಿದ್ದಾಪುರ ರಾತ್ರಿ ಪಾಳಿ

ಕೆಂಪು ಆಯಿಲ್ ದೀಪ ಹತ್ತಿದರೆ ಅಲ್ಲೇ ಎಂಜಿನ್ ಆಫ್ ಮಾಡಬೇಕು ಎಂಬುದನ್ನೂ ಸೇರಿಸಿ ಅಕ್ಕ. ಸಣ್ಣ ಪೆಟ್ರೋಲ್ ಗಾಡಿಯಲ್ಲಿ ಇರುವುದೇ ಸುಮಾರು ಮೂರು ಲೀಟರ್ ಆಯಿಲ್. ದೊಡ್ಡ ಬಿರುಕಾದರೆ ಖಾಲಿಯಾಗಲು ಎಷ್ಟು ಹೊತ್ತು? ಮುಂದಿನ ಪೇಟೆವರೆಗೆ ಹೋಗಿಬಿಡೋಣ ಎಂದು ಓಡಿಸಿದರೆ ಎಂಜಿನ್ ಮುಗಿಯಿತು.

ಆದರೆ ನಮ್ಮ ಕಡೆ ಕತ್ತಲಾದ ಮೇಲೆ ತೋಟದ ನಡುವೆ ನಿಂತರೆ ಇಳಿದು ಬಗ್ಗಿ ನೋಡುವ ಕೆಲಸ ಬೇಡ. ಆನೆ ಯಾವ ಕಡೆಯಿಂದ ಬರುತ್ತದೆ ಹೇಳಲಾಗದು. ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ದೀಪ ಹಾಕಿ, ಗಾಡಿಯೊಳಗೇ ಕೂತು ಫೋನ್ ಮಾಡಿ. ಟೋಯಿಂಗ್ ನಂಬರ್, ಗೊತ್ತಿರುವ ಗ್ಯಾರೇಜಿನ ನಂಬರ್ ಮೊದಲೇ ಇಟ್ಟುಕೊಂಡಿರಬೇಕು. ಕೆಲವು ತಿರುವುಗಳಲ್ಲಿ ಸಿಗ್ನಲ್ ಇರುವುದಿಲ್ಲ, ಹಾಗಾಗಿ ರಾತ್ರಿ ಹೊರಡುವಾಗ ಯಾವ ದಾರಿ ಎಂದು ಮನೆಯಲ್ಲಿ ಹೇಳಿ ಹೋಗುವುದು ಒಳ್ಳೆಯದು.

ಬೆಂಗಳೂರಿನಲ್ಲಿರುವ ಪೊನ್ನಂಪೇಟೆಯವ

ನನಗೆ ಎಂಜಿನ್ ಗಾರ್ಡ್ ಬಗ್ಗೆ ಅನುಮಾನ ಇದೆ. ಕಂಪನಿಯವರಿಗೆ ಬೇಕು ಅನಿಸಿದ್ದರೆ ಅವರೇ ಕೊಡುತ್ತಿರಲಿಲ್ಲವಾ? ಕಬ್ಬಿಣದ ಪ್ಲೇಟ್ ಹಾಕಿದರೆ ಭಾರ, ಎಂಜಿನ್ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಜೊತೆಗೆ ಪ್ಲೇಟೇ ಕೆಳಗೆ ಒಂದಿಷ್ಟು ಜಾಗ ತಿನ್ನುತ್ತದೆ. ಮೊದಲು ತಾಗದಿದ್ದ ಕಡೆಯೂ ತಾಗುತ್ತದೆ. ದುಡ್ಡು ದಂಡ ಎಂದು ನನ್ನ ಅಭಿಪ್ರಾಯ.

ಸುಂಟಿಕೊಪ್ಪ ವರ್ಕ್‌ಶಾಪ್

ನೀವು ಹೇಳಿದ ತೊಂದರೆಗಳೆಲ್ಲ ನಿಜ. ಕೆಟ್ಟ ಗಾರ್ಡಿನಲ್ಲಿ ಎಲ್ಲವೂ ಆಗುತ್ತವೆ. ಬರೀ ಡಾಂಬರಿನಲ್ಲಿ ಓಡುವ ಗಾಡಿಗೆ ನಾನೂ ಹಾಕಿಸಿ ಎನ್ನುವುದಿಲ್ಲ. ಆದರೆ ದಿನಾ ಕಲ್ಲುದಾರಿ ಇಳಿಯುವವರಿಗೆ ಚೇಂಬರ್ ಕೆಳಗೆ ಒಂದು ಪ್ಲೇಟ್ ಇರುವುದೇ ಕ್ಷೇಮ. ಏನು ನೋಡಿ ಹಾಕಿಸಬೇಕು ಎಂದು ಹೇಳುತ್ತೇನೆ.

ಪ್ಲೇಟ್ ಕೂರಬೇಕಾದದ್ದು ಸಬ್‌ಫ್ರೇಮ್ ಅಥವಾ ಕ್ರಾಸ್ ಮೆಂಬರಿನ ಗಟ್ಟಿ ಬೋಲ್ಟ್ ಜಾಗಕ್ಕೆ. ಬಾಡಿ ತಗಡಿಗೆ ತೂತು ಹೊಡೆದು ಸ್ಕ್ರೂ ಹಾಕುತ್ತೇನೆ ಎಂದವರ ಹತ್ತಿರ ಮಾಡಿಸಬೇಡಿ. ತೂತಿನಿಂದಲೇ ತುಕ್ಕು ಶುರುವಾಗುತ್ತದೆ, ಏಟು ಬಿದ್ದ ದಿನ ತಗಡಿನ ಸಮೇತ ಕಿತ್ತು ಬರುತ್ತದೆ. ಎರಡನೆಯದು, ಪ್ಲೇಟಿಗೂ ಚೇಂಬರಿಗೂ ನಡುವೆ ಬೆರಳು ಹೋಗುವಷ್ಟು ಸಂದು ಇರಬೇಕು. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗಾಡುತ್ತದೆ, ಪ್ಲೇಟ್ ಏಟಿಗೆ ಬಾಗುತ್ತದೆ. ಸಂದು ಇಲ್ಲದಿದ್ದರೆ ಕಲ್ಲಿನ ಏಟು ಹಾಗೇ ಚೇಂಬರಿಗೆ ದಾಟುತ್ತದೆ. ಆಯಿಲ್ ಬಿಡುವ ಬೋಲ್ಟಿನ ಕೆಳಗೆ ತೂತು, ಗಾಳಿಗೆ ಮತ್ತು ನೀರು ಇಳಿಯುವುದಕ್ಕೆ ಸೀಳುಗಳು ಬೇಕು. ಬೋಲ್ಟ್ ತಲೆ ಪ್ಲೇಟಿನೊಳಗೆ ಕೂತಿರಬೇಕು. ಹೊರಗೆ ಚಾಚಿದ್ದರೆ ಕಲ್ಲಿಗೆ ಉಜ್ಜಿ ತಲೆ ಸವೆದು ಆಮೇಲೆ ಬಿಚ್ಚಲು ಬರುವುದಿಲ್ಲ. ಸ್ಟೀಲ್ ಗಟ್ಟಿ, ಆದರೆ ಭಾರ, ತುಕ್ಕು ಬರುತ್ತದೆ. ಅಲ್ಯೂಮಿನಿಯಂ ಹಗುರ, ಬೆಲೆ ಜಾಸ್ತಿ, ದಪ್ಪ ಇನ್ನೂ ಹೆಚ್ಚು ಬೇಕು. ನಿಮ್ಮ ಮಾಡೆಲಿಗೇ ಅಂತ ಮಾಡಿದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಹಾಕಿಸಿದ ಮೇಲೂ ಕೆಲಸ ಇದೆ. ನಮ್ಮ ತೋಟದ ದಾರಿಗಳಲ್ಲಿ ಸಿಲ್ವರ್ ಮರದ ಒಣ ಎಲೆ ಪ್ಲೇಟಿನ ಮೇಲೆ ಬಂದು ಕೂರುತ್ತದೆ. ಒಂದು ಗಾಡಿಯ ಪ್ಲೇಟ್ ಬಿಚ್ಚಿದಾಗ ಅಂಗೈ ದಪ್ಪ ಎಲೆ, ಅದರ ಮೇಲೆ ಆಯಿಲ್ ಹನಿ, ಪಕ್ಕದಲ್ಲೇ ಸೈಲೆನ್ಸರ್ ಪೈಪ್. ಬೆಂಕಿಗೆ ಇನ್ನೇನು ಬೇಕು? ಬೇಸಿಗೆ ಶುರುವಿಗೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪ್ಲೇಟ್ ಬಿಚ್ಚಿ ತೊಳೆಯಲೇಬೇಕು. ಗಾರ್ಡ್ ಇರಲಿ ಇಲ್ಲದಿರಲಿ, ಫೆಬ್ರವರಿ ಮಾರ್ಚ್‌ನಲ್ಲಿ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಸೈಲೆನ್ಸರ್ ಸಾಲಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತುಂಬಾ ಬಿಸಿ ಇರುತ್ತದೆ.

ಬೆಂಗಳೂರಿನಲ್ಲಿರುವ ಪೊನ್ನಂಪೇಟೆಯವ

ಸಂದು ಬಿಡುವ ವಿಷಯ ನನಗೆ ಹೊಸದು. ಹೀಗೆ ಮಾಡಿದರೆ ಒಪ್ಪುತ್ತೇನೆ.

ಭಾಗಮಂಡಲ ಮಳೆ

ಅಂಡರ್‌ಕೋಟಿಂಗ್ ಬಗ್ಗೆ ಯಾರೂ ಬರೆದಿಲ್ಲ. ಅದು ಕಲ್ಲಿನೇಟಿಗೆ ಅಲ್ಲ, ತುಕ್ಕಿಗೆ. ಜಿಲ್ಲೆಯ ಸರಾಸರಿ ಮಳೆಯೇ ವರ್ಷಕ್ಕೆ ಸುಮಾರು 2,700 ಮಿ.ಮೀ., ನಮ್ಮ ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ. ತಿಂಗಳುಗಟ್ಟಲೆ ತಳ ಒಣಗುವುದೇ ಇಲ್ಲ. ಹಾಗಾಗಿ ನಮಗೆ ಬೇಕೇ ಬೇಕು. ಆದರೆ ಮಳೆಗಾಲದ ನಡುವೆ ಮಾಡಿಸಬೇಡಿ. ಒದ್ದೆ ತಗಡಿನ ಮೇಲೆ, ಕೆಸರಿನ ಮೇಲೆ, ಹಳೆ ತುಕ್ಕಿನ ಮೇಲೆ ಹೊಡೆದರೆ ನೀರನ್ನು ಒಳಗೆ ಹಾಕಿ ಮುಚ್ಚಿದ ಹಾಗೆ. ಹೊರಗೆ ಕಪ್ಪಗೆ ಚೆನ್ನಾಗಿ ಕಾಣುತ್ತದೆ, ಒಳಗೆ ತುಕ್ಕು ತಿನ್ನುತ್ತಲೇ ಇರುತ್ತದೆ. ಏಪ್ರಿಲ್ ಒಳಗೆ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ತುಕ್ಕು ಇದ್ದಲ್ಲಿ ಉಜ್ಜಿಸಿ ಆಮೇಲೆ ಹೊಡೆಸಬೇಕು. ಪಕ್ಕದಲ್ಲೇ ನಿಂತು ನೋಡಿ. ಬಾಗಿಲಿನ ಕೆಳಗೆ, ಫುಟ್‌ಬೋರ್ಡ್ ಪಟ್ಟಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳು ಮುಚ್ಚಬಾರದು. ಸೈಲೆನ್ಸರ್, ಬ್ರೇಕ್ ಡಿಸ್ಕ್, ರಬ್ಬರ್ ಬುಷ್, ಸೆನ್ಸರ್, ಬೋಲ್ಟ್ ಇವುಗಳ ಮೇಲೆ ಬೀಳಬಾರದು.

ಮಳೆಗಾಲದಲ್ಲಿ ಚಕ್ರದ ಗೂಡಿನೊಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂರುತ್ತದೆ. ವಾರಕ್ಕೊಮ್ಮೆ ಪೈಪಿನಲ್ಲಿ ನೀರು ಬಿಟ್ಟು ಇಳಿಸಿ. ಘಾಟಿ ಇಳಿದು ಬಂದ ಕೂಡಲೇ ಬೇಡ, ಬಿಸಿ ಡಿಸ್ಕ್ ಮೇಲೆ ತಣ್ಣೀರು ಒಳ್ಳೆಯದಲ್ಲ.

ವಿರಾಜಪೇಟೆ ಇವಿ

ಎಲೆಕ್ಟ್ರಿಕ್ ಗಾಡಿಯವರಿಗೆ ಒಂದು ಮಾತು. ನಮಗೆ ಚೇಂಬರ್ ಇಲ್ಲ, ಆದರೆ ಬ್ಯಾಟರಿ ಪೂರ್ತಿ ಹೊಟ್ಟೆಯ ಕೆಳಗೇ ಇದೆ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದು ಅರ್ಥ. ಕಲ್ಲಿನೇಟಿಗೂ ಅದಕ್ಕೂ ಸಂಬಂಧ ಇಲ್ಲ. ಬ್ಯಾಟರಿ ಪೆಟ್ಟಿಗೆ ನೆಗ್ಗಿದರೆ ಸರ್ವಿಸ್ ಸೆಂಟರಿನಲ್ಲಿ ತೋರಿಸದೆ ಚಾರ್ಜಿಗೆ ಹಾಕಬೇಡಿ. ಸ್ಥಳೀಯವಾಗಿ ವೆಲ್ಡಿಂಗ್, ತೂತು ಹೊಡೆಯುವುದು ಖಂಡಿತ ಬೇಡ.

ಕಡಗದಾಳು ಸ್ವಿಫ್ಟ್

ಎಲ್ಲರಿಗೂ ತುಂಬಾ ಧನ್ಯವಾದ. ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ ನಾನೂ ಕೆಳಗೆ ನಿಂತು ನೋಡಿದೆ. ಚೇಂಬರಿಗೆ ಏಟು ಬಿದ್ದಿಲ್ಲ. ಗೀರು ಇರುವುದು ಸೈಲೆನ್ಸರ್ ಪೈಪಿನ ಬೆಂಡಿನಲ್ಲಿ ಮತ್ತು ಬಂಪರ್ ಅಂಚಿನಲ್ಲಿ. ಎಡಗಡೆ ಆಕ್ಸಲ್ ಬೂಟ್ ಮಡಿಕೆಯಲ್ಲಿ ಸಣ್ಣ ಸೀಳು ಬಿಟ್ಟಿದೆ, ಚಕ್ರದ ಒಳಗೆ ಗ್ರೀಸ್ ಚಿಮ್ಮಿದ ಗುರುತು ಆಗಲೇ ಇತ್ತು. ಲೋವರ್ ಆರ್ಮ್ ಬುಷ್ ಎರಡೂ ಕಡೆ ಬಿರುಕು. ಹಿಂದಿನ ಶಾಕ್ ಅಬ್ಸಾರ್ಬರ್ ಒಂದು ಒದ್ದೆಯಾಗಿತ್ತು. ಬೂಟ್, ಬುಷ್, ಹಿಂದಿನ ಶಾಕ್ ಅಬ್ಸಾರ್ಬರ್ ಜೋಡಿ ಬದಲಿಸಲು ಹೇಳಿದ್ದೇನೆ. ಪ್ಲಾಸ್ಟಿಕ್ ಕವರ್ ಹೊಸದು, ಎಲ್ಲ ಕ್ಲಿಪ್ ಸಮೇತ. ಗಾರ್ಡ್ ಈಗಲೇ ಬೇಡ ಎಂದು ತೀರ್ಮಾನಿಸಿದೆ. ಪಾಲಿಸಿಗೆ ಎಂಜಿನ್ ಪ್ರೊಟೆಕ್ಟ್ ನವೀಕರಣದ ಹೊತ್ತಿಗೆ ಸೇರಿಸುತ್ತೇನೆ. ಪಕ್ಕದ ತೋಟದವರ ಜೊತೆ ಮಾತಾಡಿ ಕೊರಕಲಿಗೆ ಒಂದು ಲೋಡ್ ಜಲ್ಲಿ ಹಾಕಿಸುವುದಕ್ಕೂ ಒಪ್ಪಿಸಿದ್ದೇನೆ. ಬರೀ ಜಲ್ಲಿ ಸಾಕಾ?

ಅಮ್ಮತ್ತಿ ತೋಟ

ಬರೀ ಜಲ್ಲಿ ಹಾಕಿದರೆ ಮೊದಲ ಮಳೆಗೆ ಕೊಚ್ಚಿಹೋಗುತ್ತದೆ. ಮೊದಲು ಮೇಲಿನ ಬದಿಯ ಚರಂಡಿ ಬಿಡಿಸಿ, ದಾರಿಗೆ ಅಡ್ಡಲಾಗಿ ಓರೆ ಕಾಲುವೆ ಅಲ್ಲಲ್ಲಿ ತೆಗೆಸಿ ನೀರು ಹೊರಗೆ ಹೋಗುವಂತೆ ಮಾಡಿ. ಕಾಲುವೆ ಅಗಲವಾಗಿರಲಿ, ಆಳ ಬೇಡ. ಇಲ್ಲದಿದ್ದರೆ ಬಂಪರ್ ಅಲ್ಲೇ ತಾಗುತ್ತದೆ. ಕೊರಕಲಿಗೆ ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ ಮಣ್ಣು ಹಾಕಿ, ಟ್ರ್ಯಾಕ್ಟರನ್ನೇ ನಾಲ್ಕು ಸಲ ಓಡಿಸಿ ಕೂರಿಸಿ. ನಡುವಿನ ದಿಬ್ಬವನ್ನೂ ಅದೇ ದಿನ ಗುದ್ದಲಿಯಲ್ಲಿ ಕೆತ್ತಿಸಿಬಿಡಿ.

ಸುಂಟಿಕೊಪ್ಪ ವರ್ಕ್‌ಶಾಪ್

ಬುಷ್ ಹಾಕಿಸಿದ ಮೇಲೆ ಅದರ ಬೋಲ್ಟನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಮಾಡಲು ಹೇಳಿ ಸರ್. ಲಿಫ್ಟ್ ಮೇಲೆ ಚಕ್ರ ಜೋತಿರುವಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ.